ಹಳ್ಳ ದಾಟಿದ ಜೀಪಿನ ಡಿಫರೆನ್ಷಿಯಲ್ ಒಳಗೆ ನೀರು ಹೋಗೋದು ಹೇಗೆ?

[ದೃಶ್ಯ: ಬಿಳಿ ಟಬ್ಬಿಗೆ ಸುರಿಯುತ್ತಿರುವ ಗೇರ್ ಎಣ್ಣೆ, ತೀರಾ ಹತ್ತಿರದಿಂದ]

ನಮಸ್ಕಾರ. ಈ ಎಣ್ಣೆಯ ಬಣ್ಣ ನೋಡಿ. ಹಾಲು ಹಾಕಿದ ಕಷಾಯದ ಹಾಗಿದೆ, ಅಲ್ವಾ? ಗೇರ್ ಎಣ್ಣೆ ಹಳೇದಾದ್ರೆ ಕಪ್ಪಾಗಬೇಕು, ಹೀಗೆ ಬೆಳ್ಳಗಾಗಬಾರದು. ಬೆಳ್ಳಗಾಗಿದೆ ಅಂದ್ರೆ ಒಳಗೆ ನೀರು ಸೇರಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟಕ್ಕೆ ಓಡಾಡೋ ಫೋರ್‌ವೀಲ್ ಜೀಪುಗಳಲ್ಲಿ ಮಳೆಗಾಲ ಕಳೆದ ಮೇಲೆ ನೋಡಲೇಬೇಕಾದ ಜಾಗ ಇದು: ಎರಡು ಚಕ್ರಗಳ ನಡುವೆ ಆಕ್ಸಲಿನಲ್ಲಿರೋ ಡಿಫರೆನ್ಷಿಯಲ್. ಎಲ್ಲಾ ಕಡೆ ಸೀಲ್ ಕೂರಿಸಿರೋ ಕಬ್ಬಿಣದ ಡಬ್ಬಿ. ಅದರೊಳಗೆ ನೀರು ಹೋಗಿದ್ದು ಎಲ್ಲಿಂದ?

ಡಿಫರೆನ್ಷಿಯಲ್ ಕೆಲಸ ನಿಮಗೆ ಗೊತ್ತಿರೋದೇ: ದೇವಿಮನೆ ಘಟ್ಟದ ತಿರುವಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡೋದು ಇದು. ಇಷ್ಟು ಸಾಕು, ಮುಂದೆ ಹೋಗೋಣ.

[ದೃಶ್ಯ: ಪ್ಲಾಸ್ಟಿಕ್ ಬಾಟ್ಲಿ, ಬಿಸಿನೀರು, ತಣ್ಣೀರಿನ ಬಕೆಟ್]

ಒಂದು ಖಾಲಿ ಬಾಟ್ಲಿಗೆ ಬಿಸಿನೀರು ಹಾಕಿ ಕುಲುಕಿ, ಚೆಲ್ಲಿ, ತಕ್ಷಣ ಮುಚ್ಚಳ ಬಿಗಿ ಮಾಡಿ. ಈಗ ತಣ್ಣೀರಿಗೆ ಅದ್ದಿ. ನೋಡಿ, ಸೊಟ್ಟಗಾಯ್ತು! ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿತು, ಬಾಟ್ಲಿಯನ್ನೂ ಒಳಗೆಳೆಯಿತು.

ಘಟ್ಟ ಹತ್ತಿ ಬಂದ ಜೀಪಿನ ಹಿಂದಿನ ಹೌಸಿಂಗ್ (ಡಿಫರೆನ್ಷಿಯಲ್ ಕೂತಿರೋ ಆ ಕಬ್ಬಿಣದ ಡಬ್ಬಿ) ಒಳಗಿನ ಗಾಳಿ 80 ಡಿಗ್ರಿ ಇದೆ ಅಂದ್ಕೊಳ್ಳಿ. ಹಳ್ಳದ ನೀರು 25 ಡಿಗ್ರಿ. ಅಷ್ಟು ತಣ್ಣಗಾದರೆ ಗಾಳಿ ಸುಮಾರು ಶೇ 15ರಷ್ಟು ಕುಗ್ಗುತ್ತೆ. ಒಳಗೆ 5 ಲೀಟರ್ ಗಾಳಿ ಇದ್ರೆ, ಮುಕ್ಕಾಲು ಲೀಟರ್ ಜಾಗ! ಕಬ್ಬಿಣ ಬಾಟ್ಲಿ ಹಾಗೆ ಸೊಟ್ಟಗಾಗಲ್ಲ. ಎಲ್ಲಿಂದಾದ್ರೂ ಏನನ್ನಾದ್ರೂ ಎಳ್ಕೊಳ್ಳಲೇಬೇಕು. ಸರ್ರನೆ ದಾಟಿ ಹೋದ್ರೆ ಅಷ್ಟು ತಣ್ಣಗಾಗೋಕೆ ಸಮಯ ಸಿಗಲ್ಲ. ಬಿಸಿ ಗಾಡಿಯನ್ನು ಹಳ್ಳದಲ್ಲೇ ನಿಲ್ಲಿಸಿ ತೊಳೀತೀವಲ್ಲ, ಅದು ಇದಕ್ಕೆ ಮಾಡೋ ದೊಡ್ಡ ಅನ್ಯಾಯ. ದಯವಿಟ್ಟು ಬಿಡಿ.

ಗಾಳಿ ಆಡಲಿ ಅಂತಲೇ ಹೌಸಿಂಗ್ ಮೇಲೆ ಬ್ರೀದರ್ ಇಟ್ಟಿರ್ತಾರೆ. ಹೆಬ್ಬೆರಳಿನ ಉಗುರಿನಷ್ಟು ಟೊಪ್ಪಿ ಅಥವಾ ಸಣ್ಣ ಪೈಪ್. ಅದು ನೀರೊಳಗೆ ಮುಳುಗಿದ್ರೆ ನೀರನ್ನೇ ಎಳೆಯುತ್ತೆ. ಕೆಂಪು ಮಣ್ಣು ಮೆತ್ತಿಯೋ, ಹುಳ ಗೂಡು ಕಟ್ಟಿಯೋ ಮುಚ್ಚಿಹೋಗಿದ್ರೆ ನೀರು ಆಯಿಲ್ ಸೀಲ್ ಸಂದಿಯಿಂದ ನುಗ್ಗುತ್ತೆ. ಸೀಲಿನ ತುಟಿ ಇರೋದು ಒಳಗಿನ ಎಣ್ಣೆ ತಡೆಯೋಕೆ, ಹೊರಗಿನ ನೀರನ್ನು ಹೀರುವ ಬಲದ ಎದುರು ಹಿಡಿದಿಡೋಕಲ್ಲ. ಮತ್ತೆ ಗಾಡಿ ಬಿಸಿಯಾದಾಗ ಹಿಗ್ಗಿದ ಗಾಳಿಯ ಒತ್ತಡ ಎಣ್ಣೆಯನ್ನು ಪಿನಿಯನ್ ಸೀಲಿನಿಂದ (ಇಂಜಿನ್ ಕಡೆಯಿಂದ ಶಾಫ್ಟ್ ಒಳಬರೋ ಜಾಗದ ಸೀಲ್) ಹೊರಗೆ ತಳ್ಳುತ್ತೆ. ಪಿನಿಯನ್ ಸೀಲ್ ಮತ್ತೆ ಮತ್ತೆ ಸೋರ್ತಿದೆ ಅಂತ ಸೀಲ್ ಬದಲಿಸ್ತಾ ಕೂರೋ ಮೊದಲು ಬ್ರೀದರ್ ಬಿಚ್ಚಿ ಊದಿ ನೋಡಿ.

[ದೃಶ್ಯ: ಅಡಿಕೆ ಒಣಗಿಸುವ ಅಂಗಳದಲ್ಲಿ ಜೀಪು, ಕೆಳಗೆ ಪ್ಲಾಸ್ಟಿಕ್ ಹಾಳೆ]

ಈಗ ಎಣ್ಣೆ ಬದಲಿಸೋಣ. ಸಮತಟ್ಟು ಜಾಗ ಬೇಕು, ಓರೆ ನಿಂತರೆ ಲೆವೆಲ್ ತಪ್ಪುತ್ತೆ. ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೀರಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ನುಗ್ಗಬೇಡಿ.

ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಬೋಲ್ಟ್, ಕೆಳಗಿನ ಡ್ರೈನ್ ಬೋಲ್ಟ್ ಅಲ್ಲ. ಫಿಲ್ಲರ್ ತುಕ್ಕು ಹಿಡಿದು ಕೂತಿದ್ರೆ, ಎಣ್ಣೆ ಖಾಲಿ ಮಾಡಿದ ಮೇಲೆ ಹೊಸದು ಹಾಕೋಕೆ ದಾರಿಯೇ ಇರಲ್ಲ. ಕಾರವಾರ, ಕುಮಟಾ, ಗೋಕರ್ಣದ ಉಪ್ಪು ಗಾಳಿಯಲ್ಲಿ ಓಡಿದ ಗಾಡಿಯಾದ್ರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಬೋಲ್ಟ್ ತಲೆಗೆ ಸರಿಯಾಗಿ ಕೂರೋ ರಿಂಗ್ ಪಾನಾ ಅಥವಾ ಸಾಕೆಟ್ ಹಾಕಿ. ಅಡ್ಜಸ್ಟಬಲ್ ಪಾನಾ ತಲೆಯನ್ನು ಸವೆಸಿಬಿಡುತ್ತೆ.

ನೀರಿನ ಅನುಮಾನ ಇದ್ರೆ, ಬೆಳಿಗ್ಗೆ ಗಾಡಿ ಅಲುಗಿಸೋ ಮೊದಲೇ ಡ್ರೈನ್ ಬೋಲ್ಟನ್ನು ತುಸು ಸಡಿಲಿಸಿ. ರಾತ್ರಿ ತಳಕ್ಕಿಳಿದ ನೀರು ಮೊದಲು ಬರುತ್ತೆ. ಎಣ್ಣೆ ಶುರುವಾದ ಕೂಡಲೇ ಬಿಗಿ ಮಾಡಿ, 10 ಕಿಲೋಮೀಟರ್ ಓಡಿಸಿ ಬನ್ನಿ. ಬಿಸಿಯಾದ ಎಣ್ಣೆ ಪೂರ್ತಿ ಇಳಿಯುತ್ತೆ. ಕೆಲವು ಹಳೇ ಜೀಪುಗಳಲ್ಲಿ ಡ್ರೈನ್ ಬೋಲ್ಟೇ ಇರಲ್ಲ, ಅಲ್ಲಿ ಪಂಪಿನಿಂದ ಹೀರಿ ತೆಗೀಬೇಕು, ಇಲ್ಲಾ ಕವರ್ ಬಿಚ್ಚಬೇಕು.

ಡ್ರೈನ್ ಬೋಲ್ಟ್ ತುದಿಯಲ್ಲಿ ಅಯಸ್ಕಾಂತ ಇದ್ರೆ ನೋಡಿ. ನೀರಲ್ಲಿ ಕಲಸಿದ ವಿಭೂತಿಯಂಥ ಬೂದು ಪೇಸ್ಟ್ ಇದ್ದರೆ ಹೆದರಬೇಡಿ, ಅದು ಸಹಜ ಸವೆತ. ಕೈಗೆ ಚುಚ್ಚೋ ಚೂರು ಸಿಕ್ಕರೆ ಹೊಸ ಎಣ್ಣೆ ಹಾಕಿ ಸಮಾಧಾನ ಪಡಬೇಡಿ, ಕ್ರೌನ್-ಪಿನಿಯನ್ (ದೊಡ್ಡ ಗೇರ್ ಕ್ರೌನ್, ಅದನ್ನು ತಿರುಗಿಸೋ ಸಣ್ಣ ಗೇರ್ ಪಿನಿಯನ್) ಬಿಚ್ಚಿಸಿ ತೋರಿಸಿ.

ಎಣ್ಣೆ ಯಾವುದು? ಸಾಮಾನ್ಯವಾಗಿ ಜಿಎಲ್-5 ದರ್ಜೆಯ, 80ಡಬ್ಲ್ಯು-90 ಮಂದತೆಯ ಗೇರ್ ಎಣ್ಣೆ. ನಿಮ್ಮ ಗಾಡಿ ಪುಸ್ತಕ ಏನು ಹೇಳುತ್ತೋ ಅದೇ ಅಂತಿಮ. ಇಲ್ಲಿ ಪಿನಿಯನ್ ಇರೋದು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಜಾರಿಕೊಂಡೇ ತಿರುಗುತ್ತವೆ. ಆ ಉಜ್ಜಾಟ ತಡೆಯೋಕೆ ಗಂಧಕ, ರಂಜಕ ಸೇರಿದ ಎಣ್ಣೆಯೇ ಬೇಕು. ಆ ಘಾಟು ವಾಸನೆ ಅದರದ್ದೇ. ಉಳಿದ ಎಣ್ಣೆಯನ್ನು ಗೇರ್‌ಬಾಕ್ಸಿಗೆ ಸುರೀಬೇಡಿ, ಹಲವು ಗೇರ್‌ಬಾಕ್ಸುಗಳ ಹಿತ್ತಾಳೆ ರಿಂಗುಗಳಿಗೆ ಅದು ಆಗಿಬರಲ್ಲ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುಮ್ಮನೆ ಸುತ್ತೋದನ್ನು ತಡೆಯೋ ಡಿಫರೆನ್ಷಿಯಲ್) ಇದ್ದರೆ ಅದಕ್ಕೆ ಹೊಂದೋ ಎಣ್ಣೆ ಬೇರೆ.

ಉಳಿದದ್ದು ಬೇಗ ಹೇಳ್ತೀನಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಒಂದು ಆಕ್ಸಲಿಗೆ ಹೆಚ್ಚಾಗಿ ಒಂದರಿಂದ ಎರಡೂವರೆ ಲೀಟರ್ ಹಿಡಿಯುತ್ತೆ, ಫಿಲ್ಲರ್ ತೂತಿನ ಅಂಚಿನಿಂದ ತೊಟ್ಟಿಕ್ಕೋವರೆಗೆ ತುಂಬಿಸಿ, ನಿಲ್ಲಿಸಿ. ಎಣ್ಣೆ ಬೆಳ್ಳಗಿದ್ದರೆ ಒಂದೇ ಸಲಕ್ಕೆ ಬಿಡಬೇಡಿ: ಹೊಸದು ಹಾಕಿ, ಸ್ವಲ್ಪ ದೂರ ಓಡಿಸಿ, ಇಳಿಸಿ, ಮತ್ತೆ ಹೊಸದು ತುಂಬಿಸಿ. ಡೀಸೆಲ್ಲಿಂದ ತೊಳೀಬೇಡಿ, ಮೂಲೆಯಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ತೆಳು ಮಾಡುತ್ತೆ. ಬ್ರೀದರಿಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಒಳಗೋ ಹಿಂದಿನ ಲೈಟಿನ ಎತ್ತರಕ್ಕೋ ಒಯ್ಯಿರಿ. ಆಕ್ಸಲ್ ಮೇಲೆ ಕೆಳಗೆ ಆಡೋಕೆ ಸಡಿಲ ಇರಲಿ, ಸೈಲೆನ್ಸರ್ ತಾಗದಿರಲಿ, ನಡುವೆ ಎಲ್ಲೂ ಜೋತು ಬೀಳದಿರಲಿ, ಜೋತಲ್ಲಿ ನೀರು ನಿಲ್ಲುತ್ತೆ.

ಹಳೇ ಎಣ್ಣೆ ತೋಟಕ್ಕೂ ಬೇಡ, ಹಳ್ಳಕ್ಕೂ ಬೇಡ. ಕ್ಯಾನಿಗೆ ತುಂಬಿ, ಹಳೇ ಎಣ್ಣೆ ಸಂಗ್ರಹಿಸೋ ಗ್ಯಾರೇಜಿಗೆ ಕೊಡಿ. ಆಮೇಲೆ ಮುಂದಿನ ಡಿಫರೆನ್ಷಿಯಲ್ ಕಡೆ ಬನ್ನಿ. ಹಳ್ಳಕ್ಕೆ ಮೊದಲು ಇಳಿಯೋದೇ ಅದು, ಅಲ್ಲೂ ಮೊದಲು ಬಿಚ್ಚಬೇಕಾದ್ದು ಫಿಲ್ಲರ್ ಬೋಲ್ಟ್.