ಗೇಜ್ ಪುಸ್ತಕದಲ್ಲಿ ಇಲ್ಲದ ಕಾಲಂ

ಕೇಳುಗರಿಗೆ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ ‘ಕಾಲುವೆಗಳಲ್ಲಿ ಉಷ್ಣತೆಯ ಪಾತ್ರ’. ಹೆಸರು ಕೇಳಿ ರೇಡಿಯೊ ಆರಿಸಬೇಡಿ. ನಿಮ್ಮ ಗದ್ದೆಗೆ ನೀರು ಬರುತ್ತದೋ ಇಲ್ಲವೋ ಎನ್ನುವ ವಿಷಯ ಇದು. ಕಾಲುವೆಯ ಕೊನೆಯಲ್ಲಿ, ಟೇಲ್‌ಎಂಡ್ ಅನ್ನಿಸಿಕೊಳ್ಳುವ ಹೊಲದ ಬದುವಿನ ಮೇಲೆ ಕೂತು ಕೇಳುತ್ತಿರುವವರನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುತ್ತಿದ್ದೇನೆ. ಕಾಲುವೆ ನೀರಿನ ಆಳ ತೋರಿಸುವ ಅಳತೆಪಟ್ಟಿ, ಅಂದರೆ ಗೇಜ್ ಓದುವ ಗ್ಯಾಂಗ್‌ಮನ್‌ಗಳು, ಈಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರುಗಳು ಕೇಳುತ್ತಿದ್ದರೆ ಇನ್ನೂ ಒಳ್ಳೆಯದು.

ನಾನು ಹೇಳಬೇಕಾದದ್ದು ಒಂದೇ ಮಾತು. ನೀರು ಬಿಸಿಯಾದಂತೆ ತೆಳ್ಳಗಾಗುತ್ತದೆ. ಅದಕ್ಕೇ ಕಾಲುವೆ ನೀರಿನ ಆಳದ ಜೊತೆಗೆ ಬಿಸಿಯನ್ನೂ ಅಳೆದು ಬರೆಯಿರಿ.

ತೆಳ್ಳಗೆ ಎಂದರೆ ಹಾಲಿಗೆ ನೀರು ಬೆರೆಸಿದ ಹಾಗಲ್ಲ. ಬೆಲ್ಲದ ಪಾಕ ನೆನಪು ಮಾಡಿಕೊಳ್ಳಿ. ಒಲೆಯ ಮೇಲಿದ್ದಾಗ ಸರಾಗ ಸುರಿಯುತ್ತದೆ. ಆರಿದ ಮೇಲೆ ಸೌಟಿಗೆ ಅಂಟಿಕೊಂಡು ಎಳೆಎಳೆಯಾಗಿ ಬೀಳುತ್ತದೆ. ನೀರಿಗೂ ಅಂಥ ಒಂದು ಅಂಟು ಇದೆ. ತುಂಬ ಕಡಿಮೆ ಇರುವುದರಿಂದ ನಮ್ಮ ಕೈಗೆ ಗೊತ್ತಾಗುವುದಿಲ್ಲ, ಅಷ್ಟೇ. ಮನೆಯಲ್ಲಿ ಕಾಫಿ ಫಿಲ್ಟರ್ ಇದ್ದರೆ ಪರೀಕ್ಷೆ ಮಾಡಿ. ಕಾಫಿಪುಡಿ ಬೇಡ, ತೊಳೆದ ಸಣ್ಣ ಮರಳು ಹಾಕಿ. ಒಮ್ಮೆ ಹೂಜಿಯ ತಣ್ಣೀರು ಸುರಿಯಿರಿ. ಇನ್ನೊಮ್ಮೆ ಸ್ನಾನದ ಬಿಸಿನೀರು, ಅಷ್ಟೇ ಲೋಟ. ಕೆಳಗಿನ ಪಾತ್ರೆಗೆ ಯಾವುದು ಬೇಗ ಇಳಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಬಿಸಿನೀರೇ ಬೇಗ ಇಳಿಯುತ್ತದೆ.

ಮಣ್ಣಿನ ಕಾಲುವೆಯ ತಳವೂ ಒಂದು ಫಿಲ್ಟರೇ ಅಲ್ವಾ? ನೀರು 20 ಡಿಗ್ರಿಯಿಂದ 30 ಡಿಗ್ರಿಗೆ ಬಿಸಿಯಾದರೆ ಅದರ ಅಂಟು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಮಣ್ಣಿನೊಳಗೆ ಇಂಗುವ ನೀರು ಕಾಲು ಭಾಗ ಜಾಸ್ತಿಯಾಗುತ್ತದೆ. ನೂರು ಕೊಡ ಇಂಗುತ್ತಿದ್ದ ಕಡೆ ನೂರಿಪ್ಪತ್ತೈದು ಕೊಡ. ತೂಬು ಅದೇ, ಕಾಲುವೆ ಅದೇ, ಆಳ ಅದೇ.

ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕುಡಿಯುವ ನೀರಿನ ಮರಳು ಫಿಲ್ಟರುಗಳ ಮೇಲೆ ಕೆಲಸ ಮಾಡುತ್ತಿದ್ದ ಆಲನ್ ಹೇಜನ್ 1892ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟರು. ಮರಳಿನ ಕಾಳಿನ ಗಾತ್ರದ ಪಕ್ಕದಲ್ಲೇ ನೀರಿನ ಉಷ್ಣತೆಗೂ ಅದರಲ್ಲಿ ಜಾಗ ಇದೆ. ಆ ಸೂತ್ರವನ್ನು ನಾವೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಕಾಲುವೆಯ ಮೇಲೆ ನಿಂತಾಗ ಮಾತ್ರ ಮರೆತುಬಿಡುತ್ತೇವೆ.

ನಾನೂ ಮರೆತಿದ್ದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಲವತ್ತು ವರ್ಷದ ಹಿಂದಿನ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ ನನ್ನ ಜವಾಬ್ದಾರಿಗೆ ಬಂತು. ಆಗಿನ್ನೂ ಅದಕ್ಕೆ ಲೈನಿಂಗ್, ಅಂದರೆ ಕಾಂಕ್ರೀಟ್ ಹೊದಿಕೆ, ಆಗಿರಲಿಲ್ಲ. ಬಹುಪಾಲು ಎರೆಮಣ್ಣು, ನಡುವೆ ಒಂದು ಕಡೆ ಗರಸು. ಮೇಲೊಂದು ಗೇಜ್, ಕೆಳಗೊಂದು ಗೇಜ್. ಡಿಸೆಂಬರ್, ಜನವರಿಯಲ್ಲಿ ಮೇಲೆ ಇಷ್ಟು ನೀರಿದ್ದರೆ ಕೆಳಗೆ ಇಷ್ಟು ತಲುಪುತ್ತದೆ ಎಂದು ನನಗೆ ಒಂದು ಅಂದಾಜು ಸಿಕ್ಕಿತು. ಮಾರ್ಚ್ ಬಂತು. ಮೇಲಿನ ಗೇಜ್ ಅಷ್ಟೇ ತೋರಿಸುತ್ತಿದೆ, ಕೆಳಗಿನದು ಕುಸಿಯುತ್ತಿದೆ. ಟೇಲ್‌ಎಂಡ್‌ನವರು ಟ್ರ್ಯಾಕ್ಟರ್ ತುಂಬ ಬಂದು ಕಚೇರಿ ಮುಂದೆ ಕೂತರು. ಭತ್ತ ಹೊಡೆ ಬಿಚ್ಚುವ ಹೊತ್ತು. ಅವರ ಸಂಕಟ ನ್ಯಾಯವಾದದ್ದು.

ನಾನು ನೇರವಾಗಿ ಒಂದು ತೀರ್ಮಾನಕ್ಕೆ ಬಂದೆ. ನಡುವೆ ಯಾರೋ ನೀರು ಕದಿಯುತ್ತಿದ್ದಾರೆ! ರಾತ್ರಿ ಟಾರ್ಚ್ ಹಿಡಿದು ಕಾಲುವೆ ಏರಿಯ ಮೇಲೆ ತಿರುಗಿದೆ. ಮೂರು ರಾತ್ರಿ ತಿರುಗಿದರೂ ಒಂದು ಪೈಪೂ ಸಿಗಲಿಲ್ಲ. ಆದರೆ ಗರಸು ಇದ್ದ ಜಾಗದಲ್ಲಿ, ಏರಿಯ ಕೆಳಗಿನ ಹೊಲ ಒದ್ದೆಯಾಗಿತ್ತು. ಸಾಕ್ಷಿ ಸಿಕ್ಕಿತು ಎಂದುಕೊಂಡೆ. ಆ ಹೊಲದ ರೈತರಿಗೆ ನೋಟಿಸ್ ಬರೆದೆ.

ನಮ್ಮ ಗ್ಯಾಂಗ್‌ಮನ್ ನನಗಿಂತ ಇಪ್ಪತ್ತು ವರ್ಷ ಹಿರಿಯರು. ನೋಟಿಸ್ ಕೈಗೆ ಕೊಟ್ಟಾಗ ತಗೊಳ್ಳಲಿಲ್ಲ. “ಸಾಹೇಬ್ರ, ನೀರು ಕದಿಯಾವ್ರು ಇಲ್ಲ ಅನ್ನಂಗಿಲ್ಲ. ಆದ್ರ ಇದು ಕದ್ದ ನೀರಲ್ರಿ, ಬಸಿದ ನೀರು. ಬ್ಯಾಸಗ್ಯಾಗ ಇಲ್ಲಿ ದಿನಾ ಹಿಂಗ ಬಸೀತೈತಿ. ಚಳಿಗಾಲದಾಗ ಇಷ್ಟಿಲ್ಲ” ಅಂದರು. ಯಾಕೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ನಾನು ಎಂಜಿನಿಯರ್. ನನಗೆ ಗೊತ್ತಿರಬೇಕಿತ್ತು. ನೋಟಿಸ್ ಕಳಿಸಿಯೇಬಿಟ್ಟೆ.

ಏಪ್ರಿಲ್‌ನಲ್ಲಿ ಕಾಲುವೆ ನಿಲ್ಲಿಸಿದರು. ಗ್ಯಾಂಗ್‌ಮನ್ ಹೇಳಿದ ಮಾತು ತಲೆಯಿಂದ ಹೋಗಿರಲಿಲ್ಲ. ಆ ಗರಸಿನ ತುಂಡಿಗೆ ಎರಡೂ ಕಡೆ ಮರಳಿನ ಚೀಲ ಒಡ್ಡಿ, ಆ ಚೀಲಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಉಳಿದ ನೀರನ್ನು ಕೆರೆಯ ಹಾಗೆ ಕಟ್ಟಿದೆವು. ಪಕ್ಕದಲ್ಲೇ ಅಗಲವಾದ ತಗಡಿನ ಬಾನಿಯಲ್ಲಿ ನೀರಿಟ್ಟೆವು. ಬಾನಿಯಲ್ಲಿ ಇಳಿದದ್ದು ಬಿಸಿಲಿಗೆ ಆವಿಯಾದದ್ದು. ಕಾಲುವೆಯಲ್ಲಿ ಅದಕ್ಕಿಂತ ಹೆಚ್ಚಾಗಿ ಇಳಿದದ್ದೆಲ್ಲ ಇಂಗಿದ್ದು. ಬೇಸಿಗೆ ಎಂದರೆ ಎಲ್ಲರೂ ಆವಿ ಆವಿ ಎನ್ನುತ್ತಾರೆ. ನಮ್ಮ ಕಡೆ ಬಿರುಬಿಸಿಲಿನ ದಿನ ಆವಿಯಾಗುವುದು ಸುಮಾರು ಒಂದು ಸೆಂಟಿಮೀಟರ್. ಗರಸಿನಲ್ಲಿ ಇಂಗುವುದು ಅದರ ಹಲವು ಪಟ್ಟು. ದಯವಿಟ್ಟು ಎಲ್ಲವನ್ನೂ ಆವಿಯ ಲೆಕ್ಕಕ್ಕೆ ಹಾಕಬೇಡಿ.

ಮುಂದಿನ ಜನವರಿಯಲ್ಲಿ ವಾರಬಂದಿಯ, ಅಂದರೆ ಸರದಿಯಂತೆ ನೀರು ನಿಲ್ಲಿಸುವ, ದಿನ ನೋಡಿಕೊಂಡು ಅದೇ ತುಂಡು, ಅದೇ ಆಳ, ಅದೇ ಬಾನಿ. ಎರಡೂ ಸಲ ನೀರಿನ ಬಿಸಿಯನ್ನೂ ಅಳೆದಿದ್ದೆವು. ಏಪ್ರಿಲ್‌ಗಿಂತ ಏಳೆಂಟು ಡಿಗ್ರಿ ತಣ್ಣಗಿತ್ತು. ಇಂಗಿದ್ದೂ ಕಡಿಮೆಯಾಗಿತ್ತು, ಸೂತ್ರ ಹೇಳುವಷ್ಟೇ ಹೆಚ್ಚೂಕಡಿಮೆ. ಗ್ಯಾಂಗ್‌ಮನ್ ಹೇಳಿದ್ದು ಸರಿ. ನೋಟಿಸ್ ತಪ್ಪು.

ಆ ರೈತರ ಮನೆಗೆ ನಾನೇ ಹೋದೆ. ಅವರ ಹೊಲದ ಒಂದು ಮೂಲೆ ಆಗಲೇ ಸವಳಾಗಿ ಬೆಳ್ಳಗೆ ಉಪ್ಪು ಒಡೆದಿತ್ತು. ನೀರು ಕದ್ದವರು ಎಂದು ನಾನು ಬರೆದದ್ದು ಆ ನೀರಿನಿಂದಲೇ ಹೊಲ ಕಳೆದುಕೊಳ್ಳುತ್ತಿದ್ದವರನ್ನು. ತಪ್ಪಾಯಿತು ಎಂದೆ. ಚಹಾ ಕೊಟ್ಟರು. ಆಮೇಲೆ ಹೇಳಿದರು: “ನಿಮ್ಮ ಪುಸ್ತಕದಾಗ ನನ್ನ ಹೆಸರು ಬರಿಯಾಕ ಜಾಗ ಇತ್ತು. ಬಿಸಲಿಂದು ಬರಿಯಾಕ ಜಾಗ ಇರಲಿಲ್ಲ.”

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಗೇಜ್ ಪುಸ್ತಕದಲ್ಲಿ ತಾರೀಕು ಇದೆ, ಹೊತ್ತು ಇದೆ, ಆಳ ಇದೆ, ಹರಿವು ಇದೆ, ಸಹಿ ಇದೆ. ನೀರಿನ ಬಿಸಿಗೆ ಒಂದು ಕಾಲಂ ಇರಲಿಲ್ಲ. ಮರುದಿನ ಸ್ಕೇಲ್ ಹಿಡಿದು ನಾನೇ ಒಂದು ಗೆರೆ ಎಳೆದೆ. ಅಲ್ಲಿಂದ ಎಲ್ಲಿಗೆ ವರ್ಗವಾದರೂ ಮೊದಲು ಮಾಡುತ್ತಿದ್ದದ್ದು ಅದೇ ಕೆಲಸ. ಒಂದು ಥರ್ಮಾಮೀಟರಿಗೆ ಎಷ್ಟಾಗುತ್ತದೆ? ಒಂದು ಚೀಲ ಸಿಮೆಂಟಿನ ದುಡ್ಡೂ ಬೇಡ. ಆದರೂ ಅನೇಕರು ಅದನ್ನು ಇಡುವುದಿಲ್ಲ. ಇದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಸಮಯ ಆಗಲೇ ಬಹಳ ಹೋಗಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹೂಳು. ತೆಳ್ಳಗಾದ ನೀರಿನಲ್ಲಿ ಸಣ್ಣ ಮರಳು ಬೇಗ ತಳ ಸೇರುತ್ತದೆ. ತಣ್ಣೀರು ಅದನ್ನೇ ಹೊತ್ತುಕೊಂಡು ದೂರ ಹೋಗುತ್ತದೆ. ಅಮೆರಿಕದ ಕೊಲರಾಡೊ ನದಿಯ ಕೆಳಭಾಗದಲ್ಲಿ ಇದನ್ನು ಅಳೆದು 1949ರಲ್ಲಿ ಪ್ರಕಟಿಸಿದ್ದಾರೆ. ಹರಿವು ಅಷ್ಟೇ ಇದ್ದಾಗಲೂ ಚಳಿಗಾಲದ ನದಿ ಬೇಸಿಗೆಯದಕ್ಕಿಂತ ಎರಡೂವರೆ ಪಟ್ಟಿನವರೆಗೂ ಹೂಳು ಹೊತ್ತು ಸಾಗಿತ್ತು. ಅದೇ ನದಿಯಿಂದ ಹೊರಡುವ ಆಲ್ ಅಮೆರಿಕನ್ ಕಾಲುವೆಯ ಬಾಯಲ್ಲಿ ಹೂಳು ತೆಗೆಯಲೆಂದೇ ದೊಡ್ಡ ತೊಟ್ಟಿಗಳಿವೆ. ನಿಮ್ಮ ಉಪಕಾಲುವೆಯಲ್ಲಿ ಹೂಳು ಎಲ್ಲಿ ಕೂರುತ್ತದೆ, ಯಾವ ತಿಂಗಳು ಕೂರುತ್ತದೆ ಎಂದು ತಿಳಿಯಬೇಕೇ? ಅದೇ ಕಾಲಂ ನೋಡಿ.

ಇನ್ನು ಕಾಂಕ್ರೀಟ್ ಲೈನಿಂಗ್. ನೂರು ಮೀಟರ್ ಕಾಂಕ್ರೀಟ್ ಮೂವತ್ತು ಡಿಗ್ರಿ ಕಾದರೆ ಸುಮಾರು ಮೂರು ಸೆಂಟಿಮೀಟರ್ ಉದ್ದವಾಗುತ್ತದೆ. ತಣ್ಣಗಾದರೆ ಅಷ್ಟೇ ಗಿಡ್ಡ. ನಾವು ಲೈನಿಂಗ್ ಹಾಕುವುದು ಯಾವಾಗ? ಕಾಲುವೆ ಬಂದ್ ಆಗಿರುವ ಮೇ ತಿಂಗಳಲ್ಲಿ, ಕೆಂಡದಂಥ ಬಿಸಿಲಿನಲ್ಲಿ. ಜುಲೈನಲ್ಲಿ ಹೊಸ ನೀರು ಬಂದ ತಕ್ಷಣ ಅದು ಮೈ ಬಿಗಿ ಹಿಡಿಯುತ್ತದೆ. ನಡುನಡುವೆ ಸಂದಿ, ಅಂದರೆ ಜಾಯಿಂಟ್, ಸರಿಯಾಗಿ ಬಿಡದಿದ್ದರೆ ತಾನೇ ಬಿರುಕು ಮಾಡಿಕೊಳ್ಳುತ್ತದೆ. ಮುಂಜಾನೆ ಹಾಕಿ, ಒದ್ದೆ ಗೋಣಿ ಹೊದಿಸಿ, ಜಾಯಿಂಟ್ ಬಿಡಿ. ಸುಮ್ನೆ ಗುತ್ತಿಗೆದಾರರನ್ನು ಬೈದರೆ ಬಿರುಕು ಮುಚ್ಚುವುದಿಲ್ಲ.

ಮೀನು ಸಾಕುವವರಿಗೂ ಒಂದು ಮಾತು. ಬಿಸಿನೀರು ಗಾಳಿಯನ್ನು ಕಡಿಮೆ ಹಿಡಿದಿಡುತ್ತದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ.

ಕಾಲುವೆ ಎಂದರೆ ಮಣ್ಣಿನದೇ ಆಗಬೇಕಿಲ್ಲ. ನಮ್ಮ ಮೈಯ ಜೀವಕೋಶಗಳ ಪೊರೆಯಲ್ಲೂ ಸಣ್ಣ ಸಣ್ಣ ಕಾಲುವೆಗಳಿವೆ. ಅವುಗಳಲ್ಲಿ ಒಂದರ ಬಾಗಿಲು 43 ಡಿಗ್ರಿ ದಾಟಿದರೆ ತೆರೆಯುತ್ತದೆ. ಆಗಲೇ ನಮಗೆ ಸುಡುತ್ತಿದೆ ಎಂದು ಗೊತ್ತಾಗುವುದು. ಮೆಣಸಿನಕಾಯಿಯ ಖಾರವೂ ಅದೇ ಬಾಗಿಲನ್ನು ತೆರೆಯುತ್ತದೆ, ಅದಕ್ಕೇ ಬಾಯಿ ಉರಿಯುವುದು. 1997ರಲ್ಲಿ ಇದನ್ನು ಕಂಡುಹಿಡಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಇದರ ಬಗ್ಗೆ ಹೇಳಲು ಬಹಳ ಇದೆ, ಸಮಯ ಇಲ್ಲ.

ಅಳೆಯುವುದು ಹೇಗೆ ಎಂದು ಮಾತ್ರ ಹೇಳಿ ಮುಗಿಸುತ್ತೇನೆ. ಗಾಜಿನ ಸಾದಾ ಥರ್ಮಾಮೀಟರ್ ಸಾಕು. ಜ್ವರ ನೋಡುವುದು ಬೇಡ, ಶಾಲೆಯ ಪ್ರಯೋಗಶಾಲೆಯಲ್ಲಿ ಇರುತ್ತದಲ್ಲ, ಅದು. ದಡದ ನಿಂತ ನೀರಿನಲ್ಲಿ ಅದ್ದಬೇಡಿ, ಅದು ಬೇಗ ಕಾಯುತ್ತದೆ. ಗೇಜ್ ಇರುವ ಕಡೆ ಕಟ್ಟೆಯ ಮೇಲೆ ನಿಂತು ಬಕೆಟ್ ಇಳಿಸಿ ಹರಿಯುವ ನೀರು ಎತ್ತಿ. ನೆರಳಿಗೆ ತಂದು ಥರ್ಮಾಮೀಟರ್ ಅದ್ದಿ, ಎರಡು ನಿಮಿಷ ಬಿಡಿ. ಅದ್ದಿರುವಾಗಲೇ ಓದಿ, ಹೊರಗೆ ತೆಗೆದು ಓದಬೇಡಿ. ಬೆಳಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ಪುಸ್ತಕದಲ್ಲಿ ಕಾಲಂ ಇಲ್ಲದಿದ್ದರೆ ಸಹಿಯ ಪಕ್ಕದಲ್ಲಿ ಒಂದು ಗೆರೆ ಎಳೆದುಕೊಳ್ಳಿ.

ನಮಸ್ಕಾರ.