ಟೀಚರ್ ಕೈ ಕಟ್ಟಿ ನಿಂತ ಮೇಲೆಯೇ ಇಂಗ್ಲಿಷ್ ಶುರು

(ದೃಶ್ಯ: ಉಡುಪಿ ಕಡೆಯ ಪ್ರಾಥಮಿಕ ಶಾಲೆ, ಎರಡನೇ ಕ್ಲಾಸು. ಬೆಂಚುಗಳು ಗೋಡೆ ಬದಿಗೆ, ಹೊರಗೆ ಮಳೆ.)

ನಿರೂಪಣೆ: ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಶಾಲೆಯಲ್ಲಿ ಕನ್ನಡ. ಈ ಮಕ್ಕಳಿಗೆ ಮೊದಲ ದಿನವೇ ‘ರಿಪೀಟ್ ಆಫ್ಟರ್ ಮಿ’ ಅಂದರೆ ಸದ್ದು ಬಾಯಿಗೆ ಬರುತ್ತದೆ, ಅರ್ಥ ಬರುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ಟೋಟಲ್ ಫಿಸಿಕಲ್ ರೆಸ್ಪಾನ್ಸ್, ಅಂದರೆ ಟಿಪಿಆರ್‌ನಲ್ಲಿ ಮಗು ಮೊದಲು ಕೇಳಿಸಿಕೊಂಡು ಮೈಯಲ್ಲಿ ಉತ್ತರ ಕೊಡುತ್ತದೆ. ಮಾತು ಆಮೇಲೆ.

ದಿನಕ್ಕೆ 15 ನಿಮಿಷ ಸಾಕು. ಮೊದಲ ದಿನ ಸ್ಟ್ಯಾಂಡ್ ಅಪ್, ಸಿಟ್ ಡೌನ್, ವಾಕ್, ಸ್ಟಾಪ್. ಹೇಳುತ್ತಾ ನೀವೇ ಮಾಡಿ ತೋರಿಸಿ, ಮತ್ತೆ ಮಕ್ಕಳ ಜೊತೆ ಮಾಡಿ. ‘ಟರ್ನ್’, ‘ಟಚ್’ ಎರಡನ್ನೂ ಒಂದೇ ದಿನ ತರಬೇಡಿ, ಕಿವಿಗೆ ಕಲಸಿಹೋಗುತ್ತವೆ.

(ಕ್ಲೋಸಪ್: ಟೀಚರ್ ಕೈ ಕಟ್ಟುತ್ತಾರೆ.)

ಈಗ ಬರೀ ಹೇಳಿ. ಹೆಚ್ಚಿನವರು ಎಡವುವುದು ಇಲ್ಲೇ. ‘ಸ್ಟ್ಯಾಂಡ್ ಅಪ್’ ಅನ್ನುವಾಗ ಕೈ ತಾನಾಗಿ ಮೇಲೇಳುತ್ತದೆ; ‘ಟಚ್ ದ ಡೋರ್’ ಅನ್ನುವಾಗ ಕಣ್ಣು ಬಾಗಿಲಿಗೆ ಹೋಗುತ್ತದೆ. ಮಗು ಮಾತು ಕೇಳುವುದು ಬಿಟ್ಟು ನಿಮ್ಮನ್ನು ನೋಡಿ ಮಾಡುತ್ತದೆ. ಹಿಂದಿನ ಗೋಡೆ ನೋಡಿಕೊಂಡು ಹೇಳಿ. ಆಜ್ಞೆಗಳ ಕ್ರಮವನ್ನೂ ಅದಲುಬದಲು ಮಾಡಿ, ಇಲ್ಲದಿದ್ದರೆ ಎದ್ದ ಮೇಲೆ ಕೂರುವುದು ಅಂತ ಬಾಯಿಪಾಠ ಆಗಿಬಿಡುತ್ತದೆ.

ಇಡೀ ಕ್ಲಾಸು ಒಟ್ಟಿಗೆ ಎದ್ದರೆ ಖುಷಿಪಡಬೇಡಿ. ಮುಂದಿನ ಇಬ್ಬರಿಗೆ ಗೊತ್ತು, ಉಳಿದವರು ಅರ್ಧ ಸೆಕೆಂಡ್ ತಡವಾಗಿ ನಕಲು ಹೊಡೆಯುತ್ತಾರೆ. ಮೂರು ಮೂರು ಮಕ್ಕಳನ್ನು ಕರೆದು ಮಾಡಿಸಿ.

(ದೃಶ್ಯ: ಜಗಲಿಯಲ್ಲಿ ಸಾಲಾಗಿ ಕೊಡೆಗಳು.)

ನಿಜವಾದ ಪರೀಕ್ಷೆ ಕೇಳದ ವಾಕ್ಯದ್ದು. ‘ಪುಟ್ ದ ಬ್ಯಾಗ್ ಅಂಡರ್ ದ ಬೆಂಚ್’, ‘ಓಪನ್ ದ ಅಂಬ್ರೆಲ್ಲಾ’ ಗೊತ್ತಿರುವ ಮಗುವಿಗೆ ‘ಪುಟ್ ದ ಅಂಬ್ರೆಲ್ಲಾ ಅಂಡರ್ ದ ಬೆಂಚ್’ ಅನ್ನಿ. ತಡಬಡಿಸದೆ ಇಟ್ಟಿತೋ, ಅರ್ಥ ಆಗಿದೆ. ತಡವಾದರೆ ಕನ್ನಡದಲ್ಲಿ ಹೇಳಬೇಡಿ, ಮರುದಿನದಿಂದ ಅದು ಕನ್ನಡಕ್ಕೇ ಕಾಯುತ್ತದೆ. ಮತ್ತೊಮ್ಮೆ ಮಾಡಿ ತೋರಿಸಿ. ಹಾಂ, ನೆಲ ಒದ್ದೆ ಇರುವ ದಿನ ‘ರನ್’, ‘ಜಂಪ್’ ಬೇಡವೇ ಬೇಡ.

ಮಾತಾಡಿಸಲು ಅವಸರ ಮಾಡಬೇಡಿ. ಆಶರ್ ಲೆಕ್ಕದಲ್ಲಿ ಸುಮಾರು 10ರಿಂದ 20 ಗಂಟೆ ಕೇಳಿದ ಮೇಲೆ ಕಲಿಯುವವರೇ ಆಜ್ಞೆ ಕೊಡಲು ತಯಾರಾಗುತ್ತಾರೆ. ದಿನಕ್ಕೆ 15 ನಿಮಿಷ ಅಂದರೆ 40ರಿಂದ 80 ಶಾಲಾ ದಿನ. ಆಗ ಮಗು ‘ಸ್ಟಾಪು’ ಅಂದರೂ ತಿದ್ದಬೇಡಿ, ನಿಂತುಬಿಡಿ.

‘ನಿನ್ನೆ’, ‘ಯಾಕೆ’ ಇಂಥವು ಕುಣಿದು ಕಲಿಯುವಂಥದ್ದಲ್ಲ, ಅದಕ್ಕೆ ಕಥೆ ಬೇಕು. ಐದನೇ ಕ್ಲಾಸಿನವರಿಗೆ ಎದ್ದು ಕೂರುವುದೂ ನಾಚಿಕೆ. ಅವರಿಗೆ ಕಾಗದ ಕೊಟ್ಟು ‘ಫೋಲ್ಡ್ ಇಟ್’, ‘ಡ್ರಾ ಎ ಲೈನ್’, ‘ಕಟ್ ಹಿಯರ್’ ಅನ್ನಿ.