ಚರ್ಮದ ದೋಣಿ, ಮೊಣಕೈ ವಾದ್ಯ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದು ದೋಣಿ ಮತ್ತು ಒಂದು ವಾದ್ಯದ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಎರಡೂ ಐರ್ಲೆಂಡಿನವು. ಎರಡಕ್ಕೂ ಚರ್ಮವೇ ಮೈ.

ಮೊದಲು ದೋಣಿ. 1976ರ ಮೇ 17ರಂದು ಐರ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ಕೆರಿ ಎಂಬ ಸೀಮೆಯ ಒಂದು ಚಿಕ್ಕ ಕಡಲ ಸೀಳಿನಿಂದ, ಟಿಮ್ ಸೆವೆರಿನ್ ಅನ್ನುವವರು ಬೆರಳೆಣಿಕೆಯ ಜೊತೆಗಾರರನ್ನು ಕರೆದುಕೊಂಡು ಅಟ್ಲಾಂಟಿಕ್ ದಾಟಲು ಹೊರಟರು. ದೋಣಿಯ ಉದ್ದ 36 ಅಡಿ. ಆಶ್ ಮರದ ಚೌಕಟ್ಟು, ಅದರ ಮೇಲೆ ಓಕ್ ಮರದ ತೊಗಟೆಯಲ್ಲಿ ಹದ ಮಾಡಿದ 49 ಎತ್ತಿನ ತೊಗಲು, ಅಗಸೆ ನಾರಿನ ದಾರದಲ್ಲಿ ಹೊಲಿಗೆ. ನೀರು ಇಳಿಯದಿರಲಿ ಅಂತ ಮೈಗೆಲ್ಲ ಕುರಿ ಉಣ್ಣೆಯ ಜಿಡ್ಡು ಬಳಿದಿದ್ದರು. ಯಾಕೆ ಇಷ್ಟೆಲ್ಲ ಪಾಡು? 6ನೇ ಶತಮಾನದ ಬ್ರೆಂಡನ್ ಎಂಬ ಸಂತರು ಇಂಥದೇ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾ ಪಶ್ಚಿಮದ ಪುಣ್ಯಭೂಮಿ ಮುಟ್ಟಿದರು ಅಂತ ಹಳೆಯ ಲ್ಯಾಟಿನ್ ಕಥೆಯೊಂದಿದೆ. ಅದು ಆಗುವ ಮಾತೋ ಅಲ್ಲವೋ, ಹೋಗಿಯೇ ನೋಡೋಣ ಅಂತ ಹೊರಟವರು ಇವರು.

ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳು, ಫ್ಯಾರೋ ದ್ವೀಪಗಳು, ಆಮೇಲೆ ಐಸ್‌ಲ್ಯಾಂಡ್. ಚಳಿಗಾಲಕ್ಕೆ ದೋಣಿ ಅಲ್ಲೇ ನಿಂತಿತು. ಮರುವರ್ಷ ಮತ್ತೆ ಹೊರಟಾಗ ಕಡಲ ಮೇಲಿನ ಮಂಜುಗಡ್ಡೆ ಚರ್ಮವನ್ನು ಚುಚ್ಚಿ ನೀರು ಒಳಗೆ ಬರತೊಡಗಿತು. ಆ ಕೊರೆಯುವ ನೀರಿನ ಮೇಲೆ, ದೋಣಿಯ ಅಂಚಿನಿಂದ ಬಾಗಿ ನೇತಾಡುತ್ತಾ, ಒಂದು ತುಂಡು ತೊಗಲಿಟ್ಟು ತೇಪೆ ಹೊಲಿದರು. ಮರದ ದೋಣಿಯಾಗಿದ್ದರೆ ಹೊಲಿಯೋಕೆ ಆಗುತ್ತಿತ್ತಾ? 1977ರ ಜೂನ್ 26ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರ ಸಿಕ್ಕಿತು.

ಈ ಪ್ರಯಾಣವನ್ನು ಶಾನ್ ಡೇವಿ ಎಂಬ ಐರಿಷ್ ಸಂಯೋಜಕರು ಸಂಗೀತ ಮಾಡಿದರು. 1980ರಲ್ಲಿ ಅದು ಧ್ವನಿಮುದ್ರಿಕೆಯಾಗಿ ಬಂತು. ಹೆಸರು 'ದಿ ಬ್ರೆಂಡನ್ ವಾಯೇಜ್'. ಒಂದು ಕಡೆ ಪಿಟೀಲು, ಚೆಲೋ, ಹಾರ್ನ್, ನಗಾರಿ ಎಲ್ಲ ಇರುವ ಪೂರ್ತಿ ಆರ್ಕೆಸ್ಟ್ರಾ. ಅದರ ಮುಂದೆ, ಕುರ್ಚಿಯ ಮೇಲೆ, ಒಬ್ಬರೇ ಒಬ್ಬರು ಲಿಯಮ್ ಓಫ್ಲಿನ್. ಅವರ ತೊಡೆಯ ಮೇಲೆ ಇಲಿಯನ್ ಪೈಪ್ಸ್.

ಈ ವಾದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಯಾಗ್‌ಪೈಪ್ ಅಂದ ಕೂಡಲೇ ನಮಗೆ ಕೆನ್ನೆ ಉಬ್ಬಿಸಿ ಊದುತ್ತಾ ಮೆರವಣಿಗೆಯಲ್ಲಿ ಹೋಗುವ ಸ್ಕಾಟ್ಲೆಂಡಿನವರು ನೆನಪಾಗುತ್ತಾರೆ, ಅಲ್ವಾ? ಇದು ಹಾಗಲ್ಲ. ಇದಕ್ಕೆ ಬಾಯಿ ಬೇಡ. ಐರಿಷ್ ಭಾಷೆಯಲ್ಲಿ ಇದರ ಹೆಸರೇ ಮೊಣಕೈಗೆ ಸಂಬಂಧಪಟ್ಟದ್ದು. ಒಂದು ಮೊಣಕೈ ಕೆಳಗೆ ತಿದಿ, ಇನ್ನೊಂದರ ಕೆಳಗೆ ಗಾಳಿ ತುಂಬಿದ ಚರ್ಮದ ಚೀಲ. ಬೆರಳಾಡುವ ಕೊಳವೆಯಲ್ಲಿ ಎರಡು ಸ್ಥಾಯಿ ಸಿಗುತ್ತದೆ. ಪಕ್ಕದಲ್ಲಿ ಮೂರು ಕೊಳವೆಗಳು ಸುಮ್ನೆ ಒಂದೇ ಸ್ವರ ಹಿಡಿದು ಕೂತಿರುತ್ತವೆ.

ಶ್ರುತಿಯೇ ಅದು! ಚಿಕ್ಕವಳಿದ್ದಾಗ ಸಂಗೀತ ಪಾಠದಲ್ಲಿ ಶ್ರುತಿಪೆಟ್ಟಿಗೆಯ ತಿದಿ ಒತ್ತುವ ಕೆಲಸ ನನ್ನದಾಗಿತ್ತು. ಕೈ ಸೋತು ನಿಧಾನ ಮಾಡಿದರೆ ಗಾಳಿ ಕಡಿಮೆಯಾಗಿ ಸ್ವರ ನರಳುತ್ತಿತ್ತು, ಟೀಚರ್ ಕಣ್ಣು ಬಿಟ್ಟು ನೋಡುತ್ತಿದ್ದರು. ಈ ಐರಿಷ್ ವಾದ್ಯವನ್ನು ಮೊದಲ ಸಲ ಕೇಳಿದಾಗ ಕೈಗೆ ಆ ಅಭ್ಯಾಸ ನೆನಪಾಯಿತು. ತಿದಿ, ಚೀಲ, ಗಾಳಿಗೆ ನಡುಗಿ ದನಿ ಕೊಡುವ ರೀಡ್ ಪಟ್ಟಿ, ಹಿಡಿದ ಷಡ್ಜ. ಊರು ದೂರ, ಆದರೆ ಉಪಾಯ ಒಂದೇ.

ಈಗ ನಾನು ಹೇಳಬೇಕು ಅಂತ ಬಂದ ಮಾತಿಗೆ ಬರುತ್ತೇನೆ. ಈ ವಾದ್ಯಕ್ಕೆ ಒಂದು ದೊಡ್ಡ ಮಿತಿ ಇದೆ. ಜೋರಾಗಿ ಅಥವಾ ಮೆಲ್ಲಗೆ ನುಡಿಸೋದು ಇದರಲ್ಲಿ ಬಹಳ ಕಷ್ಟ. ಚೀಲದ ಒತ್ತಡ ಬದಲಾದರೆ ಸ್ವರವೇ ಕೆಡುತ್ತದೆ, ಹಾಗಾಗಿ ದನಿ ಹೆಚ್ಚುಕಡಿಮೆ ಒಂದೇ ಗಟ್ಟಿತನದಲ್ಲಿ ಹೋಗುತ್ತದೆ. ಸ್ವರದ ಜಾಗವೂ ಸೀಮಿತ, ಎಲ್ಲ ಶ್ರುತಿಗೂ ಆರಾಮಾಗಿ ಹಾರುವಂತಿಲ್ಲ. ಆರ್ಕೆಸ್ಟ್ರಾ ಇದಕ್ಕೆ ಪೂರ್ತಿ ವಿರುದ್ಧ. ಪಿಸುಮಾತಿನಿಂದ ಗುಡುಗಿನ ತನಕ ಏರುತ್ತದೆ, ಇಳಿಯುತ್ತದೆ, ಯಾವ ಶ್ರುತಿಗೆ ಬೇಕಾದರೂ ತಿರುಗುತ್ತದೆ.

ಡೇವಿ ಈ ಮಿತಿಯನ್ನು ಮುಚ್ಚಿಡಲಿಲ್ಲ, ಅದನ್ನೇ ಕೃತಿಯ ಬೆನ್ನೆಲುಬು ಮಾಡಿಕೊಂಡರು. ಪೈಪ್ಸ್ ಅಂದರೆ ದೋಣಿ. ಆರ್ಕೆಸ್ಟ್ರಾ ಅಂದರೆ ಕಡಲು, ಗಾಳಿ, ಮಂಜುಗಡ್ಡೆ. ದೋಣಿ 36 ಅಡಿಗಿಂತ ದೊಡ್ಡದಾಗಲಾರದು. ಕೆಳಗಿನ ನೀರು ಮಾತ್ರ ಒಮ್ಮೆ ತಟ್ಟೆಯ ಹಾಗೆ, ಒಮ್ಮೆ ಗುಡ್ಡದ ಹಾಗೆ. ಬಿರುಗಾಳಿಯ ಭಾಗವನ್ನು ಕೇಳುವಾಗ ಇದು ಕಿವಿಗೇ ಗೊತ್ತಾಗುತ್ತದೆ. ಆರ್ಕೆಸ್ಟ್ರಾ ಮೇಲೆದ್ದು ಬರುತ್ತದೆ, ಪೈಪ್ಸ್ ತನ್ನ ದನಿ ಎತ್ತರಿಸಲಾರದು, ಆದರೂ ಬಿಡದೆ ನುಡಿಯುತ್ತಲೇ ಇರುತ್ತದೆ. ಆ ಕ್ಷಣದಲ್ಲಿ ನನಗೆ ನಿಜವಾಗಿ ಭಯವಾಗುತ್ತದೆ. ಒಂದು ಚರ್ಮದ ಚೀಲದ ದನಿ ಇನ್ನೊಂದು ಚರ್ಮದ ಚೀಲದ ಪಾಡನ್ನು ಹೇಳುತ್ತಿದೆ.

ಇನ್ನೊಂದು ಭಾಗ ಜಿಗ್ ಕುಣಿತದ ನಡೆಯಲ್ಲಿದೆ, ದೋಣಿಯ ತಳದಲ್ಲಿ ಜಾರಿಹೋಗುವ ನೀರಿನ ಬಗ್ಗೆ. ಜಿಗ್ ಅಂದರೆ ನಮ್ಮ ಲೆಕ್ಕದಲ್ಲಿ ತಕಿಟ ತಕಿಟ, ತಕಿಟ ತಕಿಟ. ಹಳ್ಳಿಯ ಅಡುಗೆಮನೆಗಳಲ್ಲಿ ಜನ ಕುಣಿಯುತ್ತಿದ್ದ ನಡೆ. ಅದನ್ನು ಕಡಲಿಗೆ ತಂದರೆ ಅದೇ ಅಲೆಯ ತೂಗಾಟ ಆಗಿಬಿಡುತ್ತದೆ. ಫ್ಯಾರೋದ ಪಶ್ಚಿಮದ ತುದಿಯ ಮಿಕಿನೆಸ್ ದ್ವೀಪದ ಕಡಿದಾದ ಬಂಡೆಗಳಿಗೂ ಒಂದು ಭಾಗ ಇದೆ. ಕಡಲಹಕ್ಕಿಗಳು ಕಿಕ್ಕಿರಿದಿರುವ ದ್ವೀಪ ಅದು. ಬ್ರೆಂಡನ್ ಕಥೆಯಲ್ಲೂ ಹಕ್ಕಿಗಳ ಸ್ವರ್ಗ ಎಂಬ ದ್ವೀಪ ಬರುತ್ತದೆ.

ಇಂಥ ಬೆಸುಗೆ ಸುಲಭವಲ್ಲ. ಪರಂಪರೆಯ ಪೈಪ್ಸ್ ವಾದಕರು ಒಂದು ಮಟ್ಟನ್ನು ಎರಡನೇ ಸಲ ನುಡಿಸುವಾಗ ಅಲ್ಲೊಂದು ಇಲ್ಲೊಂದು ಸ್ವರ ತಿರುಚಿ, ಬೇರೆ ಥರ ಅಲಂಕಾರ ಮಾಡುತ್ತಾರೆ. ಆರ್ಕೆಸ್ಟ್ರಾದಲ್ಲಿ ಎಲ್ಲರ ಮುಂದೂ ಬರೆದಿಟ್ಟ ಕಾಗದ, ಕೋಲು ಹಿಡಿದ ನಿರ್ವಾಹಕರು. ಒಂದನ್ನು ಜಾಸ್ತಿ ಬಗ್ಗಿಸಿದರೆ ಇನ್ನೊಂದು ಸಾಯುತ್ತದೆ. ಐರ್ಲೆಂಡ್, ಸ್ಕಾಟ್ಲೆಂಡಿನ ಹಳೆಯ ಪರಂಪರೆ ಅಂತ ಸೆಲ್ಟಿಕ್ ಹೆಸರಿನಲ್ಲಿ ಬರುವ ಎಷ್ಟೋ ಮುದ್ರಿಕೆಗಳಲ್ಲಿ ಆಗಿರೋದು ಇದೇ. ಸಿಂಥಸೈಜರಿನ ಮೆತ್ತನೆ ಹಾಸಿಗೆ, ಹಿಂದೆ ಅಲೆಯ ಸದ್ದು, ಮೇಲೊಂದು ಕೊಳಲು. ನಿದ್ದೆ ಬರಬಹುದು. ಆದರೆ ಆ ಕಡಲಲ್ಲಿ ಯಾರೂ ಮುಳುಗಲಾರರು, ಹಾಗಾಗಿ ಅದು ನನಗೆ ಕಡಲು ಅನ್ನಿಸುವುದಿಲ್ಲ.

ಬರೀ ಆರ್ಕೆಸ್ಟ್ರಾದಿಂದಲೇ ದ್ವೀಪ ತೋರಿಸಿದವರೂ ಇದ್ದಾರೆ. 1829ರ ಆಗಸ್ಟಿನಲ್ಲಿ, 20ರ ಹರೆಯದ ಜರ್ಮನ್ ಸಂಯೋಜಕ ಮೆಂಡೆಲ್ಸನ್ ಸ್ಕಾಟ್ಲೆಂಡಿನ ಹೆಬ್ರಿಡೀಸ್ ಕಡೆ ಹೋದರು. ಸ್ಟಾಫಾ ದ್ವೀಪದ ಫಿಂಗಲ್ ಗುಹೆಯನ್ನು ನೋಡುವ ಹಿಂದಿನ ದಿನವೇ, ಮನೆಯವರಿಗೆ ಬರೆದ ಕಾಗದದಲ್ಲಿ ತಮ್ಮ ಹೆಬ್ರಿಡೀಸ್ ಕೃತಿಯ ಮೊದಲ ಸಾಲುಗಳನ್ನು ಗೀಚಿದ್ದರು. ಗುಹೆಗೆ ಹೋದ ದಿನ ಅವರಿಗೆ ಕಡಲಬೇನೆ. ಕೃತಿ ಅಪ್ಪಟ ಚೆಲುವಿನದು. ಆದರೆ ಅದು ದಡದಿಂದ ಬಂದ ಅತಿಥಿಯ ಕಡಲು, ಆ ದ್ವೀಪದವರ ಹಾಡು ಅದರಲ್ಲಿಲ್ಲ.

ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಅತಿಥಿಯಾಗಿ ಉಳಿಯಲಿಲ್ಲ. ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಹುಟ್ಟಿದ ಈ ಸಂಯೋಜಕರು, 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಿಗೆ ಹೋಗಿ ಅಲ್ಲೇ ಮನೆ ಮಾಡಿದರು. ಯುರೇನಿಯಂ ಗಣಿಗಾರಿಕೆಯ ಯೋಜನೆ ಬಂದಾಗ ದ್ವೀಪದವರ ಪರ ನಿಂತು 1980ರಲ್ಲಿ ಸಂಗೀತ ಬರೆದರು. 1985ರ ಇನ್ನೊಂದು ಕೃತಿಯಲ್ಲಿ ಆರ್ಕ್ನಿಯ ಒಂದು ಮದುವೆಯ ರಾತ್ರಿ ಇದೆ. ಜನ ಕುಡಿದು ಕುಣಿಯುತ್ತಾರೆ, ವಾದ್ಯಗಳೂ ತೂರಾಡುತ್ತವೆ, ಮೆಲ್ಲಗೆ ಎಲ್ಲ ತಣ್ಣಗಾಗುತ್ತದೆ. ಆಮೇಲೆ ಬೆಳಗಾಗುತ್ತದೆ. ಆ ಸೂರ್ಯ ಬರೋದು ಸ್ಕಾಟಿಷ್ ಬ್ಯಾಗ್‌ಪೈಪ್ ರೂಪದಲ್ಲಿ. ಅಷ್ಟು ಹೊತ್ತು ಕಾಣಿಸಿಕೊಳ್ಳದ ವಾದಕರು ಕೊನೆಗೆ ನುಡಿಸುತ್ತಾ ಬರುತ್ತಾರೆ. ಇಲ್ಲಿ ಪೈಪ್ ಪುಟ್ಟ ದೋಣಿಯಲ್ಲ, ಇಡೀ ಆರ್ಕೆಸ್ಟ್ರಾದ ಮೇಲೆ ಹರಡಿಕೊಳ್ಳುವ ಬೆಳಕು.

ಲಿಯಮ್ ಓಫ್ಲಿನ್ 2018ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಯುನೆಸ್ಕೊ ಇಲಿಯನ್ ಪೈಪ್ಸ್ ವಾದನವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಆ ಚರ್ಮದ ದೋಣಿ ಈಗ ಐರ್ಲೆಂಡಿನ ಕ್ಲೇರ್ ಸೀಮೆಯಲ್ಲಿ, ಕ್ರಾಗನೋವನ್ ಎಂಬಲ್ಲಿದೆ. ಹೋದವರು ನೋಡಬಹುದು.

ಸಿಕ್ಕರೆ ಈ ಕೃತಿಯನ್ನು ರಾತ್ರಿ ಹೊತ್ತು, ಮನೆ ಸದ್ದಡಗಿದ ಮೇಲೆ, ಶುರುವಿನಿಂದ ಕೇಳಿ. ಆರ್ಕೆಸ್ಟ್ರಾ ಏರಿದಾಗ ವಾಲ್ಯೂಮ್ ಇಳಿಸಬೇಡಿ. ಅದರ ನಡುವೆ ಆ ಮೂಗುದನಿಯ ಕೊಳವೆ ಎಲ್ಲಿದೆ ಅಂತ ಹುಡುಕಿ. ಒಂದೆರಡು ಕಡೆ ಅದು ಮುಳುಗಿತು ಅನ್ನಿಸುತ್ತದೆ. ಸ್ವಲ್ಪ ಕಾಯಿರಿ.

ನಮಸ್ಕಾರ.